ಮೀಸಲು ದಿನ

ಹಿಮಾಲಯದ ಹಿಮನದಿಯೊಂದನ್ನು ಏರಿ, ಪರ್ವತಶ್ರೇಣಿಯ ಒಂದು ಪಾರ್ಶ್ವದಿಂದ ಇನ್ನೊಂದು ಪಾರ್ಶ್ವಕ್ಕೆ ದಾಟುವ ದೀರ್ಘ ಚಾರಣಕ್ಕೆ ಸಿದ್ಧರಾಗುವವರು, ಯಾವ ರಾತ್ರಿ ಎಲ್ಲಿ ತಂಗಬೇಕು, ಏನೇನನ್ನು ಹೊರಿಸಿಕೊಂಡು ಹೋಗಬೇಕು, ಯಾರಿಗೆ ಎಷ್ಟು ಹಣ ಸಲ್ಲಬೇಕು ಎಂಬುದನ್ನೆಲ್ಲ ತಿಂಗಳುಗಳ ಮೊದಲೇ ಕುಳಿತು ಬರೆಯುತ್ತಾರೆ. ಮತ್ತು ಹಾಗೆ ಬರೆಯುವುದರಲ್ಲಿ ಒಂದು ಬಗೆಯ ಸುಖವನ್ನೂ ಅನುಭವಿಸುತ್ತಾರೆ. ಭೂಪಟವನ್ನು ಹರಡಿಕೊಂಡು ಬೆರಳಿನಿಂದ ಬೆಟ್ಟ ಹತ್ತುವ ಆ ಸುಖವನ್ನು ನಾನು ಹೀಗಳೆಯಲಾರೆ. ಆದರೆ ಈ ಬರಹದ ಕ್ರಮದಲ್ಲಿ ಒಂದು ದೋಷವುಂಟು. ಒಟ್ಟು ಎಷ್ಟು ದಿನ ಎಂಬುದನ್ನು ಕಚೇರಿಯ ರಜೆಯೂ ರೈಲಿನ ಟಿಕೀಟೂ ಸೇರಿ ಮೊದಲೇ ಗೊತ್ತುಮಾಡಿಬಿಟ್ಟಿರುತ್ತವೆ; ಆ ಸಂಖ್ಯೆಯೊಳಗೆ ನಡಿಗೆಯನ್ನು ತುಂಬುತ್ತಾರೆ; ಕೊನೆಗೆ ಒಂದು ದಿನ ಮಿಕ್ಕರೆ ಅದನ್ನು ಮೀಸಲು ದಿನವೆಂದು ಕರೆದು ಸಮಾಧಾನಪಡುತ್ತಾರೆ. ನಾನು ಬಲ್ಲ ತಂಡವೊಂದರ ಪಟ್ಟಿಯಲ್ಲಿ ಆ ಒಂದು ದಿನದ ಎದುರಿಗೂ ಪೆನ್ಸಿಲಿನಲ್ಲಿ ‘ಮನಾಲಿ ಪೇಟೆ’ ಎಂದು ಬರೆದಿತ್ತು. ಈ ಕ್ರಮವನ್ನು ತಲೆಕೆಳಗು ಮಾಡಬೇಕು, ಮೀಸಲು ದಿನಗಳನ್ನು ಮೊದಲು ಎಣಿಸಿ ಅನಂತರ ನಡಿಗೆಯ ದಿನಗಳನ್ನು ಎಣಿಸಬೇಕು, ಹಾಗೆ ಎಣಿಸಲು ಸಾಧ್ಯವಾಗದಿದ್ದರೆ ಆ ಘಾಟಿಯ ಆಸೆಯನ್ನೇ ಆ ವರ್ಷಕ್ಕೆ ಬಿಡಬೇಕು ಎಂಬುದು ನನ್ನ ವಾದ. ನಮ್ಮ ಮದುವೆಮನೆಗಳಲ್ಲಿ ಅಕ್ಕಿ ಅಳೆಯುವ ಹಿರಿಯರು ಕರೆಯದೆ ಬರುವವರ ಪಾಲನ್ನು ಮೊದಲು ತೆಗೆದಿಟ್ಟು ಆಮೇಲೆ ಕರೆದವರ ಲೆಕ್ಕಕ್ಕೆ ಕೈಹಾಕುತ್ತಿದ್ದರಷ್ಟೆ. ಆ ವಿವೇಕವೇ ಇಲ್ಲಿಯೂ ಬೇಕಾದುದು.

ವಾದವು ಗಾಳಿಯಲ್ಲಿ ತೇಲಬಾರದಾದುದರಿಂದ ಒಂದು ನಿಜವಾದ ಘಾಟಿಯನ್ನೇ ಎದುರಿಗಿಟ್ಟುಕೊಳ್ಳೋಣ. ಹಿಮಾಚಲ ಪ್ರದೇಶದ ಕುಲ್ಲೂ ಸೀಮೆಯಲ್ಲಿ ಪಾರ್ವತೀ ನದಿಯ ಕಣಿವೆಯೂ, ಅದರ ಪೂರ್ವಕ್ಕೆ ಸ್ಪಿತಿ ಸೀಮೆಯಲ್ಲಿ ಪಿನ್ ನದಿಯ ಕಣಿವೆಯೂ ಇವೆ. ಇವೆರಡರ ನಡುವಣ ಶ್ರೇಣಿಯನ್ನು 5,319 ಮೀಟರ್ ಎತ್ತರದಲ್ಲಿ ದಾಟಿಸುವ ದಾರಿಗೆ ಪಿನ್ ಪಾರ್ವತಿ ಪಾಸ್ ಎಂದು ಹೆಸರು. ಬರ್ಶೇಣಿಯಲ್ಲಿ ಮೋಟಾರು ರಸ್ತೆ ಮುಗಿಯುತ್ತದೆ. ಅಲ್ಲಿಂದ ದೇವದಾರುವಿನ ಕಾಡಿನೊಳಗೆ ಖೀರ್‌ಗಂಗಾದ ಬಿಸಿನೀರಿನ ಬುಗ್ಗೆಗೆ, ಅಲ್ಲಿಂದ ಭೂರ್ಜವೃಕ್ಷಗಳ ನೆಲೆಗೆ, ಆಮೇಲೆ ಹುಲ್ಲುಗಾವಲುಗಳಿಗೆ, ಮಹಾಶಿಲೆಗಳೇ ನದಿಯ ಮೇಲೆ ಅಡ್ಡಬಿದ್ದು ಸೇತುವೆಯಾಗಿರುವ ಪಾಂಡುಪುಲಕ್ಕೆ, ಪಾರ್ವತಿಯ ಉಗಮವೆಂದು ಪೂಜೆಗೊಳ್ಳುವ ಮಂತಲಾಯಿ ಸರೋವರಕ್ಕೆ, ಕಡೆಗೆ ಹಿಮಕ್ಕೆ ದಾರಿ ಏರುತ್ತ ಹೋಗುತ್ತದೆ. ಆಚೆಗೆ ಇಳಿದರೆ ಹಸುರೆಂಬುದೇ ಅಪರೂಪವಾದ ಪಿನ್ ಕಣಿವೆ, ಅದರ ಕೊನೆಯಲ್ಲಿ ಮುದ್ ಗ್ರಾಮ. ಒಟ್ಟು ನೂರು ಕಿಲೋಮೀಟರಿಗೆ ಮೇಲ್ಪಟ್ಟ ನಡಿಗೆ. 1884ರಲ್ಲಿ ಲೂಯಿ ಡೇನ್ ಎಂಬ ಬ್ರಿಟಿಷ್ ಅಧಿಕಾರಿ ಸ್ಪಿತಿಗೆ ಬೇರೊಂದು ಮಾರ್ಗವನ್ನು ಅರಸುತ್ತ ಇದನ್ನು ದಾಟಿದನೆಂದು ಇತಿಹಾಸ ಹೇಳುತ್ತದೆ. ಪಾಂಡುಪುಲದ ಬಂಡೆಗಳನ್ನು ಭೀಮಸೇನನು ಎತ್ತಿಟ್ಟನೆಂದು ಅಲ್ಲಿಯ ಜನ ನಂಬುತ್ತಾರೆ. ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟವರಾದುದರಿಂದ ಅವರಿಗೆ ಮೀಸಲು ದಿನದ ಚಿಂತೆ ಇರಲಿಲ್ಲ. ಮರಳಿ ಬರುವ ಉದ್ದೇಶವಿರುವ ನಮಗೆ ಅದು ಇರಬೇಕಾಗುತ್ತದೆ.

ಈ ದಾರಿಯ ಸ್ವಭಾವದಲ್ಲಿ ಒಂದು ವಿಶೇಷವಿದೆ. ಖೀರ್‌ಗಂಗಾದ ಚಹಾದ ಅಂಗಡಿಗಳನ್ನು ಹಿಂದೆ ಬಿಟ್ಟ ಮೇಲೆ ಮುದ್ ಸೇರುವವರೆಗೆ ಊರೆಂಬುದಿಲ್ಲ. ಶಿಖರವನ್ನು ಏರುವವನು ಏರಿದ ದಾರಿಯಲ್ಲೇ ಇಳಿಯುತ್ತಾನೆ. ಅವನ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ತಾನು ಕಂಡ ನೆಲವಿದೆ, ಕೆಳಗೆ ತನ್ನದೇ ಡೇರೆಯಿದೆ. ಘಾಟಿಯನ್ನು ದಾಟುವವನಾದರೋ ತನ್ನ ಡೇರೆಯನ್ನು ಕಿತ್ತು ಹೊರಿಸಿಕೊಂಡು, ಕಂಡ ನೆಲವನ್ನು ಬಿಟ್ಟು, ಕಾಣದ ನೆಲಕ್ಕೆ ಇಳಿಯುತ್ತಾನೆ. ಮಂತಲಾಯಿಯವರೆಗೆ ಹಿಂದಿರುಗುವುದು ಸುಲಭ. ಹಿಮನದಿಯ ಆಚೆಯ ಪಾರ್ಶ್ವಕ್ಕೆ ಇಳಿದ ಮೇಲೆ ಮುಂದಕ್ಕೆ ಹೋಗುವುದೇ ಸುಲಭ. ನಡುವಣ ಒಂದೆರಡು ದಿನಗಳಲ್ಲಿ ಮಾತ್ರ ಹಿಂದೂ ದೂರ, ಮುಂದೂ ದೂರ. ಇಡೀ ಯೋಜನೆಯೆಂಬುದು ಈ ಒಂದೆರಡು ದಿನಗಳು ಒಳ್ಳೆಯ ಹವೆಯಲ್ಲಿ ಒದಗುವಂತೆ ಮಾಡುವ ಸನ್ನಾಹವಲ್ಲದೆ ಬೇರೆಯಲ್ಲ. ಮತ್ತು ಒಳ್ಳೆಯ ಹವೆಯನ್ನು ನಾವು ತರಿಸಿಕೊಳ್ಳಲಾರೆವಾದುದರಿಂದ, ಅದಕ್ಕಾಗಿ ಕಾಯುವ ಸಾಮರ್ಥ್ಯವೊಂದೇ ನಮ್ಮ ಕೈಯಲ್ಲಿ ಉಳಿಯುವ ಉಪಾಯ.

ಇಲ್ಲಿ ಒಂದು ಗೊಂದಲವನ್ನು ಮೊದಲು ನಿವಾರಿಸಬೇಕು. ಶರೀರಕ್ಕೆ ಸಲ್ಲಬೇಕಾದ ದಿನವನ್ನೂ ಆಕಾಶಕ್ಕೆ ಸಲ್ಲಬೇಕಾದ ದಿನವನ್ನೂ ಒಂದೇ ಖಾತೆಗೆ ಬರೆದುಕೊಳ್ಳುವುದು ಸಾಮಾನ್ಯವಾದ ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 1,930 ಮೀಟರನ್ನು ಮೀರುವುದಿಲ್ಲ. ಕುಮಾರಪರ್ವತವನ್ನು ಒಂದೇ ಹಗಲಿನಲ್ಲಿ ಏರಿ ಇಳಿದವನ ಕಾಲುಗಳು ಗಟ್ಟಿಯಾಗಿರುವುದು ನಿಜ. ಆದರೆ ವಾಯುವಿನ ಒತ್ತಡ ಇಲ್ಲಿಯ ಅರ್ಧಕ್ಕಿಂತ ತುಸುವೇ ಹೆಚ್ಚಾಗಿರುವ ಎತ್ತರದಲ್ಲಿ ಆ ಕಾಲುಗಳಿಗೆ ಪ್ರಾಣವಾಯುವನ್ನು ಒದಗಿಸುವ ವಿದ್ಯೆಯನ್ನು ಕುಮಾರಪರ್ವತ ಕಲಿಸಲಾರದು. ಮೂರು ಸಾವಿರ ಮೀಟರಿನಿಂದಾಚೆಗೆ, ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅಲ್ಲಿಯೇ ನಿಲ್ಲಬೇಕು ಎಂಬುದು ವೈದ್ಯರು ಹೇಳುವ ಸಾಮಾನ್ಯ ನಿಯಮ. ಈ ತಿಳಿವಳಿಕೆಗೆ ನಮ್ಮ ದೇಶ ದೊಡ್ಡ ಬೆಲೆಯನ್ನೇ ತೆತ್ತಿತು. 1962ರ ಯುದ್ಧಕಾಲದಲ್ಲಿ ಬಯಲುಸೀಮೆಯ ಸೈನಿಕರನ್ನು ಏಕಾಏಕಿ ಎತ್ತರದ ಗಡಿಗಳಿಗೆ ಒಯ್ಯಬೇಕಾಯಿತು. ಸೈನ್ಯದ ವೈದ್ಯರಾದ ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ಎತ್ತರದ ಬೇನೆಗೆ ಒಳಗಾದ 1,925 ಸೈನಿಕರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರಪಂಚದ ವೈದ್ಯರು ಇಂದಿಗೂ ಸ್ಮರಿಸುತ್ತಾರೆ. ಆ ಸೈನಿಕರೆಲ್ಲ ಕವಾಯತಿನಲ್ಲಿ ಪಳಗಿದ ದೃಢಕಾಯರು. ಯೌವನವೂ ದೇಹದಾರ್ಢ್ಯವೂ ಈ ಬೇನೆಗೆ ರಕ್ಷೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ. ಅಸೆಟಜೋಲಮೈಡ್ ಎಂಬ ಮಾತ್ರೆಯಿಂದ ಪ್ರಯೋಜನವುಂಟು. ಆದರೆ ಅದು ದೇಹ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುವುದೇ ಹೊರತು, ತಲೆನೋವು ಏರುತ್ತಿರುವವನು ಇನ್ನೂ ಮೇಲಕ್ಕೆ ಹತ್ತಬಹುದೆಂಬ ಪರವಾನಗಿಯಲ್ಲ. ಖೀರ್‌ಗಂಗಾ 2,950 ಮೀಟರ್, ಮಂತಲಾಯಿ ಸುಮಾರು 4,100, ಘಾಟಿಯ ಬುಡದ ತಾಣ ಅದಕ್ಕೂ ಎಂಟುನೂರು ಮೀಟರ್ ಮೇಲೆ. ನಿಯಮಕ್ಕೆ ಹೊಂದಿಸಿ ನೋಡಿದರೆ ನಾಲ್ಕು ಏರಿಕೆಯ ದಿನಗಳೂ ಒಂದು ವಿಶ್ರಾಂತಿಯ ದಿನವೂ ಅವಶ್ಯವಾಗುತ್ತವೆ. ಈ ವಿಶ್ರಾಂತಿಯ ದಿನ ಮೀಸಲಲ್ಲ. ಆಕಾಶ ನಿರ್ಮಲವಾಗಿದ್ದರೂ ಅದನ್ನು ಖರ್ಚು ಮಾಡಲೇಬೇಕು. ಮೀಸಲೆಂದು ಕರೆಯತಕ್ಕುದು ಇದನ್ನು ಕಳೆದ ಮೇಲೆ ಉಳಿದದ್ದನ್ನು ಮಾತ್ರ.

ಆಕಾಶಕ್ಕೆ ಎಷ್ಟು ದಿನ ಮೀಸಲಿಡಬೇಕೆಂಬುದು ಋತುವನ್ನು ಅವಲಂಬಿಸಿದೆ, ಮತ್ತು ಇಲ್ಲಿ ಯಾವ ಋತುವೂ ಪೂರ್ತಿ ಮಿತ್ರನಲ್ಲ. ಜುಲೈ ತಿಂಗಳಿನಲ್ಲಿ ಚಳಿಗಾಲದ ಹಿಮ ಇನ್ನೂ ದಪ್ಪವಾಗಿದ್ದು ಹಿಮನದಿಯ ಸೀಳುಗಳ ಮೇಲೆ ಸೇತುವೆಯಂತೆ ಹರಡಿಕೊಂಡಿರುತ್ತದೆ. ನಡಿಗೆ ಸರಾಗ, ಆದರೆ ಸೀಳು ಎಲ್ಲಿದೆಯೆಂಬುದು ಕಾಣದು. ಸೆಪ್ಟೆಂಬರಿನಲ್ಲಿ ಆ ಹಿಮ ಕರಗಿ ನೀಲಿಯ ಬರಿ ಮಂಜುಗಡ್ಡೆ ತೋರುತ್ತದೆ. ಸೀಳುಗಳು ಬಾಯ್ದೆರೆದು ಕಣ್ಣಿಗೆ ಕಾಣುತ್ತವೆ, ಆದರೆ ಅವುಗಳನ್ನು ಬಳಸಿಕೊಂಡು ಹೋಗಲು ಹೊತ್ತು ಹಿಡಿಯುತ್ತದೆ, ಕಾಲಿಗೆ ಕ್ರಾಂಪನ್ನಿನ ಮುಳ್ಳುಗಳಿಲ್ಲದೆ ಸಾಗದು. ಮಳೆಗಾಲದಲ್ಲಿ ಸ್ಪಿತಿ ಮಳೆಯ ನೆರಳಿನಲ್ಲಿದ್ದು ಒಣಗಿರುವಾಗಲೂ ಕುಲ್ಲೂವಿನ ಪಾರ್ಶ್ವ ತೊಯ್ದು ಹೋಗುತ್ತದೆ; 2023ರ ಜುಲೈ ಎರಡನೆಯ ವಾರದಲ್ಲಿ ಕುಲ್ಲೂ ಜಿಲ್ಲೆಯ ರಸ್ತೆಗಳೂ ಸೇತುವೆಗಳೂ ಕೊಚ್ಚಿಹೋದುದನ್ನು, ಸ್ಪಿತಿಯ ಚಂದ್ರತಾಲದ ಬಳಿ ಅಕಾಲದ ಹಿಮಪಾತಕ್ಕೆ ಸಿಕ್ಕಿದ ಪ್ರವಾಸಿಗಳನ್ನು ಪ್ರಯಾಸದಿಂದ ಹೊರತಂದುದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಮಳೆಗಾಲ ಮುಗಿಯಿತೆಂದು ನಿಶ್ಚಿಂತರಾಗಿ ಹೊರಟವರನ್ನು 2021ರ ಅಕ್ಟೋಬರ್ ನಡುವಣ ಬಿರುಗಾಳಿ ಹರ್ಸಿಲ್ ಮತ್ತು ಚಿತ್ಕುಲ್‌ಗಳ ನಡುವಣ ಲಮ್ಖಾಗಾ ಘಾಟಿಯಲ್ಲಿ ಹಿಡಿಯಿತು, ಹಲವರು ಮರಳಲಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಕಾಶಿಯ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡ ದುಃಖ ನಮ್ಮ ಮನೆಗಳಿಗೇ ಸೇರಿದ್ದು. ಅಲ್ಲಿ ದಾಟಬೇಕಾದ ಹಿಮನದಿಯೂ ಇರಲಿಲ್ಲ, ಎತ್ತರವೂ ಐದು ಸಾವಿರ ಮೀಟರಿಗೆ ಕೆಳಗಿತ್ತು. ದೂರದಲ್ಲಿ ಬೆಚ್ಚಗೆ ಕುಳಿತು ಆ ತಂಡದ ತಪ್ಪು ಒಪ್ಪುಗಳನ್ನು ತೂಗುವುದು ಸಭ್ಯತೆಯಲ್ಲ. ಬೇಸಗೆಯ ತಿಂಗಳು ಎಂಬ ಮಾತು ಆ ಎತ್ತರದಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲವೆಂಬಷ್ಟನ್ನು ಮಾತ್ರ ಅದರಿಂದ ತಿಳಿಯಬಹುದು.

ಹವಾಮಾನದ ಮುನ್ಸೂಚನೆ ಇಂದು ಹಿಂದಿಗಿಂತ ಬಹಳ ಸುಧಾರಿಸಿದೆ, ನಿಜ. ಆದರೆ ಬರ್ಶೇಣಿಯಲ್ಲಿ ನೋಡಿಕೊಂಡ ಮುನ್ಸೂಚನೆ ಐದಾರು ದಿನಗಳ ಅನಂತರ ಘಾಟಿಯ ಬುಡದಲ್ಲಿ ಹಳಸಿರುತ್ತದೆ, ಹೊಸದನ್ನು ತಿಳಿಯಲು ಅಲ್ಲಿ ದೂರವಾಣಿಯ ಸಂಪರ್ಕವಿಲ್ಲ. ಬೇರೆ ದೇಶಗಳ ಪರ್ವತಗಳಲ್ಲಿ ಉಪಗ್ರಹದ ಫೋನನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ. ನಮ್ಮಲ್ಲಿ ಸರಕಾರದ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ವಿದೇಶದ ಕೈಪಿಡಿಗಳನ್ನು ಓದಿ ಯೋಜನೆ ಮಾಡುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಆದಕಾರಣ ಹೊರಡುವ ಮೊದಲು ಕೆಳಗಿರುವ ನಂಬಿಗಸ್ತನೊಬ್ಬನ ಕೈಗೆ ಒಂದು ತಾರೀಖನ್ನು ಕೊಡಬೇಕಾಗುತ್ತದೆ: ಇಂಥ ದಿನದೊಳಗೆ ಮುದ್‌ನಿಂದಾಗಲಿ ಬರ್ಶೇಣಿಯಿಂದಾಗಲಿ ನಮ್ಮ ಸಮಾಚಾರ ಬಾರದಿದ್ದರೆ ಜಿಲ್ಲಾಡಳಿತಕ್ಕೆ ತಿಳಿಸು ಎಂದು. ಆ ತಾರೀಖು ಮೀಸಲು ದಿನಗಳನ್ನು ಒಳಗೊಂಡಿರಬೇಕೆಂಬುದು ಸ್ಪಷ್ಟ. ಇಲ್ಲವಾದರೆ ಬಿರುಗಾಳಿ ಕಳೆಯಲೆಂದು ವಿವೇಕದಿಂದ ಡೇರೆಯಲ್ಲಿ ಕುಳಿತವರನ್ನು ಹುಡುಕಲು ಅದೇ ಬಿರುಗಾಳಿಯಲ್ಲಿ ಇನ್ನೊಂದು ತಂಡ ಹೊರಡಬೇಕಾದೀತು.

ದಾಟುವ ದಿನಕ್ಕೆ ಅದರದೇ ಗಡಿಯಾರವುಂಟು. ರಾತ್ರಿ ಎರಡು ಮೂರು ಗಂಟೆಗೆ ಎದ್ದು, ಬೆರಳುಗಳು ಮರಗಟ್ಟಿರುವಾಗ ಬೂಟಿನ ದಾರಗಳನ್ನು ಬಿಗಿದು, ನಾಲ್ಕೈದು ಮಂದಿ ಒಂದೊಂದು ಹಗ್ಗಕ್ಕೆ ಎಂಟು ಹತ್ತು ಮೀಟರುಗಳ ಅಂತರದಲ್ಲಿ ಕಟ್ಟಿಕೊಂಡು, ತಲೆಗೆ ಕಟ್ಟಿದ ದೀಪದ ಬೆಳಕಿನ ವೃತ್ತದೊಳಗೆ ಹೆಜ್ಜೆಯಿಡಬೇಕು. ಮುಂದಾಳು ಕೋಲಿನಿಂದ ಹಿಮವನ್ನು ತಿವಿದು ನೋಡಿ, ಸದ್ದು ಪೊಳ್ಳಾದಲ್ಲಿ ನಿಂತು, ಪಕ್ಕಕ್ಕೆ ಸರಿಯುತ್ತಾನೆ. ಹಗ್ಗ ನೆಲಕ್ಕೆ ಜೋಲಬಾರದು, ಬಿಗಿದು ಎಳೆಯಲೂಬಾರದು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಹಿಮ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂಳುತ್ತದೆ, ಸೀಳಿನ ಮೇಲಣ ಸೇತುವೆಗಳು ದುರ್ಬಲವಾಗುತ್ತವೆ. ಅದರೊಳಗೆ ಘಾಟಿಯನ್ನು ದಾಟಿ ಆಚೆಯ ಹಿಮನದಿಯನ್ನೂ ಕಳೆದಿರಬೇಕು. ಹಿಮ ಕರಗಿದ ನೀರಿನಿಂದ ಹರಿಯುವ ನದಿಗೂ ಇದೇ ಕಟ್ಟಳೆ: ಬೆಳಗಿನಲ್ಲಿ ಮೊಣಕಾಲುದ್ದವಿರುವ ಪಿನ್ ಹೊಳೆ ಸಂಜೆಗೆ ಆಳನ್ನು ಸೆಳೆದೊಯ್ಯಬಲ್ಲುದು. ಘಾಟಿಯಿಂದ ಇಳಿದು ದಣಿದು ಬಂದವರು ಅದರ ದಡ ಸೇರುವುದು ಸಂಜೆಯಲ್ಲೇ. ಆಚೆ ದಡದ ಹುಲ್ಲುನೆಲ ಎಷ್ಟೇ ಕರೆದರೂ ಈಚೆಯ ಕಲ್ಲುಗಳ ಮೇಲೆ ರಾತ್ರಿ ಕಳೆಯುವಷ್ಟು ವ್ಯವಧಾನ ಬೇಕು. ತಡವಾಯಿತೆಂಬ ಆತುರದಲ್ಲಿರುವವನಿಗೆ ಈ ವ್ಯವಧಾನ ಬರುವುದಿಲ್ಲ. ಕೈಯಲ್ಲಿ ದಿನಗಳುಳ್ಳವನಿಗೆ ಅದು ತಾನಾಗಿಯೇ ಬರುತ್ತದೆ.

ಹಾಗಾದರೆ ನಾಲ್ಕು ದಿನ ಹೆಚ್ಚಿಗೆ ಇಟ್ಟುಕೊಂಡರಾಯಿತಲ್ಲ ಎಂದು ಓದುಗರು ಕೇಳಬಹುದು. ಇಲ್ಲಿಯೇ ವಿಷಯದ ಕಠಿಣವಾದ ಭಾಗವಿರುವುದು. ಊರಿಲ್ಲದ ದಾರಿಯಲ್ಲಿ ಪ್ರತಿಯೊಂದು ದಿನವೂ ತೂಕವಾಗಿ ಮಾರ್ಪಡುತ್ತದೆ, ಆ ತೂಕ ಯಾರದೋ ಬೆನ್ನಿಗೆ ಏರುತ್ತದೆ. ಹೇಸರಗತ್ತೆಗಳು ಹಿಮನದಿಯ ಮೇಲೆ ನಡೆಯಲಾರವು. ಹೊರುವವರು ಮನುಷ್ಯರೇ, ಅವರಲ್ಲಿ ನೇಪಾಳದಿಂದ ದುಡಿಮೆಗೆ ಬಂದವರು ಹಲವರು. ಒಂದು ಲೆಕ್ಕ ಹಾಕೋಣ. ಚಾರಣಿಗರು ಆರು ಮಂದಿ, ಒಬ್ಬ ಮಾರ್ಗದರ್ಶಿ, ಅವನಿಗೊಬ್ಬ ಸಹಾಯಕ, ಒಬ್ಬ ಅಡಿಗೆಯವನು, ಹತ್ತು ಮಂದಿ ಹೊರೆಯಾಳುಗಳು: ಒಟ್ಟು ಹತ್ತೊಂಬತ್ತು ಹೊಟ್ಟೆಗಳು. ಒಬ್ಬನಿಗೆ ದಿನಕ್ಕೆ 800 ಗ್ರಾಂ ಆಹಾರವೆಂದರೆ ಎರಡು ಮೀಸಲು ದಿನಗಳಿಗೆ ಮೂವತ್ತು ಕಿಲೋ. ಆಳಿಗೆ 20 ಕಿಲೋ ಹೊರೆಯೆಂದಿಟ್ಟುಕೊಂಡರೆ ಒಂದೂವರೆ ಆಳು ಸಾಕೆಂದು ತೋರುತ್ತದೆ. ಆದರೆ ಆ ಆಳೂ ಉಣ್ಣುತ್ತಾನೆ. ಹನ್ನೆರಡು ದಿನಗಳ ಪಯಣದಲ್ಲಿ ಅವನ ಸ್ವಂತದ ಊಟವೇ ಒಂಬತ್ತೂವರೆ ಕಿಲೋ, ಎಂದರೆ ಹೊರೆಯ ಹತ್ತಿರ ಹತ್ತಿರ ಅರ್ಧ. ಪರರಿಗೆಂದು ಅವನು ಹೊರಬಲ್ಲದು ಹತ್ತೂವರೆ ಕಿಲೋ ಮಾತ್ರ. ಎರಡು ದಿನ ಸುಮ್ಮನೆ ಕುಳಿತುಕೊಳ್ಳುವ ಹಕ್ಕಿಗಾಗಿ ಹೀಗೆ ಮೂವರು ಹೊಸ ಆಳುಗಳು ಬೇಕಾಗುತ್ತಾರೆ. ಅವರಿಗೆ ಹನ್ನೆರಡೂ ದಿನಗಳ ಕೂಲಿ, ಮಲಗಲು ಜಾಗ, ಹೊದೆಯಲು ಕಂಬಳಿ. ಇಂಧನವನ್ನು ನಾನಿನ್ನೂ ಎಣಿಸಿಲ್ಲ. ಐದು ಸಾವಿರ ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿದುಬಿಡುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು, ಕುಡಿಯುವ ನೀರಿಗೂ ಹಿಮವನ್ನು ಕರಗಿಸಬೇಕು.

ಈ ಲೆಕ್ಕ ಕಾಗದದ ಮೇಲೆ ಕಾಣುವುದಕ್ಕಿಂತ ಬರ್ಶೇಣಿಯ ಅಂಗಳದಲ್ಲಿ ಚೆನ್ನಾಗಿ ಕಾಣುತ್ತದೆ. ಹೊರಡುವ ಬೆಳಗ್ಗೆ ಅಕ್ಕಿ, ಹಿಟ್ಟು, ಬೇಳೆ, ಈರುಳ್ಳಿ, ಸೀಮೆಎಣ್ಣೆಯ ಡಬ್ಬ ಎಲ್ಲವನ್ನೂ ನೆಲದ ಮೇಲೆ ಹರಡಿ, ಮಾರ್ಗದರ್ಶಿ ಕೊಕ್ಕೆಯ ತಕ್ಕಡಿಗೆ ಒಂದೊಂದೇ ಮೂಟೆಯನ್ನು ತೂಗುಹಾಕುತ್ತಾನೆ. ಆಳುಗಳು ತಕ್ಕಡಿಯ ಮುಳ್ಳನ್ನು ನೋಡುವುದಿಲ್ಲ, ಮೂಟೆಯ ಕಿವಿ ಹಿಡಿದು ಒಮ್ಮೆ ಎತ್ತಿ ಇಳಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸುತ್ತಾರೆ ಇಲ್ಲವೇ ತಲೆಯಾಡಿಸುತ್ತಾರೆ. ಆಳುಗಳ ಸಂಖ್ಯೆ ಕಡಮೆಯಾದಾಗ ಮೂಟೆಗಳು ಇಪ್ಪತ್ತರಿಂದ ಇಪ್ಪತ್ತೈದಕ್ಕೆ, ಮೂವತ್ತಕ್ಕೆ ಏರುತ್ತವೆ. ಅಥವಾ ಮೀಸಲಿನ ಹಿಟ್ಟಿನ ಚೀಲವೊಂದು ಅಂಗಡಿಯ ಮೂಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಮೊದಲನೆಯದರಲ್ಲಿ ಯಜಮಾನನ ಉಳಿತಾಯ ಆಳಿನ ಮಂಡಿಗೆ ಇಳಿಯಿತು. ಎರಡನೆಯದರಲ್ಲಿ ಎಲ್ಲರ ಪ್ರಾಣದ ಮೇಲೆ ಸಾಲ ಎತ್ತಿದಂತಾಯಿತು. ಹೊರಗಿನಿಂದ ನೋಡುವವರಿಗೆ ಕೇವಲ ಜಾಗರೂಕತೆಯ ಪ್ರಶ್ನೆಯಾಗಿ ತೋರುವ ಮೀಸಲು ದಿನ ನನಗೆ ನ್ಯಾಯದ ಪ್ರಶ್ನೆಯಾಗಿಯೂ ತೋರುವುದು ಇದರಿಂದಲೇ. ದಿನವನ್ನು ಕೊಂಡುಕೊಳ್ಳದೆ ಹೊರಟವನು ಅಪಾಯವನ್ನು ನಿವಾರಿಸಿಕೊಂಡವನಲ್ಲ, ಅದನ್ನು ತನಗಿಂತ ತೆಳ್ಳಗಿನ ಕೋಟು ತೊಟ್ಟವನಿಗೆ ವರ್ಗಾಯಿಸಿದವನು.

ಈ ವಾದಕ್ಕೆ ವಿರುದ್ಧವಾಗಿ ಪರ್ವತಾರೋಹಿಗಳಾದ ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್ಮನ್‌ರ ಹೆಸರನ್ನು ತಂದಿಡುವವರುಂಟು. ಲಕೋಟೆಯ ಹಿಂಬದಿಯಲ್ಲಿ ಬರೆಯುವುದಕ್ಕಿಂತ ದೊಡ್ಡ ಯೋಜನೆ ಯಾವ ಪರ್ವತಯಾತ್ರೆಗೂ ಬೇಡವೆಂಬ ಅವರ ಮತ ಪ್ರಸಿದ್ಧವಾದುದು. 1934ರಲ್ಲಿ ಅವರಿಬ್ಬರೂ ಮೂವರು ಶೆರ್ಪಾಗಳೊಡನೆ ಹೊರಟು, ಋಷಿಗಂಗೆಯ ದುರ್ಗಮವಾದ ಕಮರಿಯ ಮೂಲಕ ನಂದಾದೇವಿಯ ಒಳಾಂಗಣವನ್ನು ಹೊಕ್ಕರು. ಮಳೆಗಾಲ ಬರಲು ಹೊರಬಂದು ಬದರಿ, ಗಂಗೋತ್ರಿ, ಕೇದಾರಗಳ ನಡುವಣ ಹಿಮನದಿಗಳನ್ನು ದಾಟಿ ನೋಡಿದರು. ಮಳೆ ಇಳಿಮುಖವಾಗಲು ನಂದಾದೇವಿಗೆ ಮತ್ತೆ ಹೋದರು. ಈ ಕಥೆಯನ್ನು ಅಲ್ಪಸನ್ನಾಹದ ವಿಜಯವೆಂದು ಓದುವವರು ತಿಂಗಳುಗಳ ಹೆಸರನ್ನು ಓದುವುದಿಲ್ಲ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಅವರು ಬೆಟ್ಟದಲ್ಲಿದ್ದರು. ಯೋಜನೆಯ ಲಕೋಟೆ ಚಿಕ್ಕದಾಗಿದ್ದುದು ಕಾಲದ ಚೀಲ ದೊಡ್ಡದಾಗಿದ್ದುದರಿಂದ. ಮಳೆ ಬಂದರೆ ಬೇರೆ ಕಣಿವೆಗೆ ಹೋಗುವಷ್ಟು ಅವಕಾಶವುಳ್ಳವನಿಗೆ ಪಟ್ಟಿಗಳೇತಕ್ಕೆ? ಅಂಥವರಿಗೂ ಬದರಿಯಿಂದ ಕೇದಾರದ ಕಡೆಗೆ ದಾಟುವಾಗ ಆಹಾರ ತೀರಿಹೋಗಿ, ನಮ್ಮ ಮಲೆನಾಡಿನವರು ಕಳಲೆಯೆಂದು ಪಲ್ಯ ಮಾಡುವ ಬಿದಿರಿನ ಮೊಳಕೆಗಳನ್ನು ಕರಡಿಗಳೊಡನೆ ಸ್ಪರ್ಧಿಸಿ ತಿನ್ನಬೇಕಾಯಿತು. ಹದಿನೈದು ದಿನಗಳ ರಜೆಯವರು ಅವರ ಲಕೋಟೆಯನ್ನು ಮಾತ್ರ ಅನುಕರಿಸುವುದು, ಅಯ್ಯಾ, ತೀರ ಅಗ್ಗದ ಅನುಕರಣೆ.

ಇನ್ನೊಂದು ಆಕ್ಷೇಪ ಹೆಚ್ಚು ಗೌರವಕ್ಕೆ ಅರ್ಹವಾದುದು. ಇಷ್ಟು ದಿನ, ಇಷ್ಟು ಆಳು ಎಂದರೆ ಖರ್ಚು ಬೆಳೆಯುತ್ತದೆ. ಹಿಮಾಲಯ ಮತ್ತೆ ಹಣವಂತರ ಸೊತ್ತಾಗುವುದಿಲ್ಲವೆ? ಆಗುತ್ತದೆಂಬ ಭಯ ನನಗೂ ಉಂಟು. ಆದರೆ ಹಿಮಾಲಯವೆಂದರೆ ಹಿಮನದಿಯ ಘಾಟಿಯೊಂದೇ ಅಲ್ಲ. ಹಗ್ಗವನ್ನೂ ಆಳುಗಳ ದಂಡನ್ನೂ ಬೇಡದ, ಎಲ್ಲಿಂದ ಬೇಕಾದರೂ ಹಿಂದಿರುಗಬಹುದಾದ ದಾರಿಗಳು ಕುಲ್ಲೂವಿನಲ್ಲೇ ಬೇಕಾದಷ್ಟಿವೆ. ಮಂತಲಾಯಿಯವರೆಗೆ ಹೋಗಿ ಅದೇ ದಾರಿಯಲ್ಲಿ ಮರಳುವ ನಡಿಗೆಯೇ ಅಂಥದೊಂದು. ಸಾಲದ ಹಣದಲ್ಲಿ ಘಾಟಿ ದಾಟುವುದಕ್ಕಿಂತ ಸ್ವಂತ ಹಣದಲ್ಲಿ ಸರೋವರ ನೋಡುವುದು ಲೇಸು. ವ್ಯಾಪಾರಿ ಸಂಸ್ಥೆಗಳು ಒಂದರ ಬೆನ್ನಿಗೆ ಒಂದರಂತೆ ತಂಡಗಳನ್ನು ಕಳುಹಿಸಿ ದರವನ್ನು ತಗ್ಗಿಸುವುದುಂಟು. ಹಿಂದಿನ ತಂಡ ನಾಳೆ ಬಂದು ಇದೇ ಡೇರೆಗಳಲ್ಲಿ ಮಲಗಬೇಕೆಂದಾಗ ಮುಂದಿನ ತಂಡ ಇಂದು ಕಾಯುವುದೆಂತು? ಹಣ ಕಟ್ಟುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿದವನಿಗೆ ಆ ಸಂಸ್ಥೆಯ ಯೋಗ್ಯತೆ ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಕೊನೆಯದಾಗಿ, ದಿನಗಳನ್ನು ಮೀಸಲಿಟ್ಟರೂ ಅವು ಕೆಲಸಕ್ಕೆ ಬರುವಂತೆ ಒಪ್ಪಂದವಿರಬೇಕು. ಹಿಂದಿರುಗಿದರೆ ಆಳುಗಳ ಕೂಲಿ ಕಡಿತವಾಗುವುದೆಂದಾದರೆ, ಮೋಡ ಕಂಡ ಮಾರ್ಗದರ್ಶಿ ಅದನ್ನು ಮೋಡವೆಂದು ಹೇಳಲು ಹಿಂಜರಿಯುತ್ತಾನೆ. ದಾಟಿದರೂ ಮರಳಿದರೂ ಪೂರ್ತಿ ಕೂಲಿ ಎಂದು ಮೊದಲೇ ಹೇಳಿದಲ್ಲಿ ಅವನ ಬಾಯಿಂದ ನಿಜ ಹೊರಡುತ್ತದೆ. ಮಂತಲಾಯಿಯಲ್ಲಿ ಎಲ್ಲರೂ ಕುಳಿತು, ಯಾರಿಗೆ ತಲೆನೋವಿದೆ, ಯಾರು ನಿನ್ನೆ ರಾತ್ರಿ ಉಣ್ಣಲಿಲ್ಲ, ಚೀಲದಲ್ಲಿ ಎಷ್ಟು ದಿನದ ಹಿಟ್ಟಿದೆ ಎಂದು ವಿಚಾರಿಸಿ, ಆಳುಗಳ ಕಾಲ್ಚೀಲಗಳನ್ನೂ ಕಪ್ಪು ಕನ್ನಡಕಗಳನ್ನೂ ಎಣಿಸಿ ನಿರ್ಣಯ ಮಾಡತಕ್ಕುದು. ಹಿಮದ ಪ್ರಭೆಗೆ ಕಣ್ಣು ಕುರುಡಾದ ಆಳು ಮೂಟೆಯನ್ನು ಎಲ್ಲಿ ಇಳಿಸುವನೋ ಅಲ್ಲಿಗೆ ಇಡೀ ತಂಡದ ಊಟ ನಿಲ್ಲುತ್ತದೆ. ಹವೆ ಅನುಕೂಲವಾಗಿಯೇ ಇದ್ದು, ಮೀಸಲನ್ನು ಮುಟ್ಟದೆ ಮುದ್ ಸೇರಿದ ಪಕ್ಷದಲ್ಲಿ ಮೂವತ್ತು ಕಿಲೋ ದವಸ ಮಿಕ್ಕುತ್ತದೆ. ಅದು ಆಳುಗಳಿಗೆ ಸೇರತಕ್ಕುದೆಂಬುದನ್ನೂ, ಮನೆಯಿಂದ ಪರ್ವತದ ಆಚೆಗೆ ಬಂದಿಳಿದ ಅವರು ಸ್ಪಿತಿಯ ಕಾಜಾದ ಮೂಲಕ ಸುತ್ತಿ ಕುಲ್ಲೂವಿಗೆ ಮರಳುವ ಬಸ್ಸಿನ ಹಣವನ್ನೂ ಆ ಪ್ರಯಾಣದ ದಿನಗಳ ಕೂಲಿಯನ್ನೂ ಯಾರು ಕೊಡಬೇಕೆಂಬುದನ್ನೂ ಬರ್ಶೇಣಿಯಲ್ಲೇ ಬರೆದಿಟ್ಟಿರಬೇಕು. ಮುದ್‌ನಲ್ಲಿ ಬಸ್ಸು ಹೊರಡುವ ಗಡಿಬಿಡಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.